ಕೊನೆಗದ್ದೆಗೆ ನೀರು ನಡೆದ ಹೊತ್ತು

ಕಳೆದ ಮಾಘಮಾಸದಲ್ಲಿ ಬಂಧುಗಳ ಮನೆಯ ಉಪನಯನಕ್ಕೆಂದು ಬೆಂಗಳೂರಿನ ಹತ್ತಿರದ ವಿಜಯಪುರದ ಕಡೆಗೆ ಹೋಗಿದ್ದೆ. ಮರುದಿನ ಬೆಳಗ್ಗೆ ಅವರ ದ್ರಾಕ್ಷಿತೋಟದ ಅಂಚಿನಲ್ಲಿ ನಡೆಯುತ್ತಿದ್ದವನು ಇದ್ದಕ್ಕಿದ್ದಂತೆ ನಿಂತುಬಿಟ್ಟೆ. ಯಾರೋ ಪಂಪಿನ ಗುಂಡಿ ಒತ್ತಿದ್ದರು. ಬಹಳ ದಿನಗಳಿಂದ ಒಣಗಿದ್ದ ಮಣ್ಣಿನ ಕಾಲುವೆಯಲ್ಲಿ ನೀರು ತರಗೆಲೆಗಳನ್ನು ತಳ್ಳಿಕೊಂಡು, ಬಿರುಕುಗಳನ್ನು ತುಂಬಿಕೊಂಡು ಮುಂದಕ್ಕೆ ಸರಿಯುತ್ತಿತ್ತು. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಅದರ ವಾಸನೆ ಬರುತ್ತಿತ್ತು. ಅದು ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ. ಮಳೆಯ ವಾಸನೆ ಎಲ್ಲ ಕಡೆಯಿಂದಲೂ ಒಮ್ಮೆಗೇ ಏಳುತ್ತದೆ. ಇದು ನೆಲದ ಮೇಲೆ ನಡೆದು ಬರುವಂಥದು. ಒಣಗಿದ ಪಾಚಿ, ಏಡಿಯ ಬಿಲ, ಹಳೆಯ ಹುಲ್ಲಿನ ಬೇರು, ಬಿಸಿಲು ಕುಡಿದ ಮರಳು, ಎಲ್ಲವೂ ಅದರಲ್ಲಿದ್ದವು. ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಆ ವಾಸನೆಯ ಜೊತೆಯಲ್ಲಿ ಒಂದು ಬೆಳಗ್ಗೆ ನಾನು ನಡೆದಿದ್ದೇನೆ. ಜೀವಮಾನದಲ್ಲಿ ಕಲಿತ ಪಾಠಗಳಲ್ಲಿ ಗುರುಮುಖದಿಂದ ಬಂದವು ಹಲವು. ಅದೊಂದು ಮಾತ್ರ ಕಾಲುವೆಯ ಮುಖದಿಂದ ಬಂದದ್ದು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನನಗೆ ಇಪ್ಪತ್ತು ವರ್ಷ. ಬೆಂಗಳೂರಿನ ಪಾಠಶಾಲೆಯೊಂದರಲ್ಲಿ ಜ್ಯೋತಿಷವನ್ನೂ ಗಣಿತವನ್ನೂ ಓದಿ ಊರಿಗೆ ಹಿಂದಿರುಗಿದ್ದೆ. ವಿಜಯಪುರದಿಂದ ಎರಡು ಹರಿದಾರಿ ದೂರದ ನಮ್ಮ ಊರು ಚಿಕ್ಕದು. ಒಂದು ಕೆರೆ, ಕೆರೆಯ ಕೆಳಗೆ ಒಂದೇ ಕಾಲುವೆ, ಆ ಕಾಲುವೆಯ ಉದ್ದಕ್ಕೂ ಹನ್ನೊಂದು ಮನೆಯವರ ಗದ್ದೆಗಳು. ನಮ್ಮ ತಂದೆಯವರು ಊರಿನ ಜೋಯಿಸರು. ಕಾಲುವೆಯ ಕೆಳಗೆ ನಮಗೆ ಅಂಗೈ ಅಗಲದ ಗದ್ದೆಯೂ ಇರಲಿಲ್ಲ. ಆದರೂ ನಮ್ಮ ಮನೆಯನ್ನು ಬಿಟ್ಟು ಆ ಕಾಲುವೆಯಲ್ಲಿ ನೀರು ಹರಿಯುತ್ತಿರಲಿಲ್ಲ. ಏಕೆಂದರೆ ಗಳಿಗೆ ಬಟ್ಟಲು ಇದ್ದದ್ದು ನಮ್ಮಲ್ಲಿ.

ಅದು ತೆಳುವಾದ ತಾಮ್ರದ ಬಟ್ಟಲು. ತಳದಲ್ಲಿ ಸೂಜಿಮೊನೆಯಷ್ಟು ರಂಧ್ರ. ನೀರು ತುಂಬಿದ ಕೊಳದಪ್ಪಲೆಯಲ್ಲಿ ತೇಲಿಬಿಟ್ಟರೆ ರಂಧ್ರದಿಂದ ನೀರು ಮೆಲ್ಲಗೆ ಒಳಗೇರಿ, ಸರಿಯಾಗಿ ಒಂದು ಗಳಿಗೆಗೆ ಬಟ್ಟಲು ಮುಳುಗುತ್ತಿತ್ತು. ಇಂದಿನ ಲೆಕ್ಕಕ್ಕೆ ಇಪ್ಪತ್ತನಾಲ್ಕು ನಿಮಿಷ. ಮದುವೆ ಮುಂಜಿಗಳ ಮುಹೂರ್ತಕ್ಕೆ ಅದೇ ಪ್ರಮಾಣ. ಬೇಸಿಗೆಯ ಭತ್ತಕ್ಕೆ ನೀರು ಹಂಚುವುದಕ್ಕೂ ಅದೇ ಪ್ರಮಾಣ. ಪುಷ್ಯದಲ್ಲಿ ನಾಟಿ ಮಾಡಿ ವೈಶಾಖದಲ್ಲಿ ಕೊಯ್ಯುವ ಆ ಬೆಳೆಗೆ ನಾಲ್ಕು ದಿನಕ್ಕೊಮ್ಮೆ ಕೆರೆಯ ತೂಬು ತೆಗೆಯುತ್ತಿದ್ದರು. ಸೂರ್ಯೋದಯಕ್ಕೆ ತೆಗೆದು ಸೂರ್ಯಾಸ್ತಕ್ಕೆ ಮುಚ್ಚುವುದು ನಿಯಮ. ಹನ್ನೊಂದು ಗದ್ದೆಗಳ ಪಾಲು ಸೇರಿದರೆ ಹಗಲಿನ ಮೂವತ್ತು ಗಳಿಗೆ.

ನೀರುಗಂಟಿ ಮುನಿಯಪ್ಪ ಊರ ಹೊರಗಿನ ಕೇರಿಯವನು. ತೂಬು ತೆಗೆದು ಮುಚ್ಚುವ ಕೆಲಸ ಅವನ ಮನೆತನದ್ದು. ತೂಬಿನ ದಿನ ಬೆಳಗ್ಗೆ ಬಂದು ನಮ್ಮ ಅಂಗಳದಲ್ಲಿ ನಿಲ್ಲುತ್ತಿದ್ದ. ತಂದೆಯವರು ಬಟ್ಟಲನ್ನು ಜಗಲಿಯ ಅಂಚಿನಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅನಂತರ ಅವನು ಅದನ್ನು ತೆಗೆದುಕೊಳ್ಳುತ್ತಿದ್ದ. ಆ ಎರಡು ಹೆಜ್ಜೆ ಆಗ ನಮಗೆ ಆಚಾರವೆಂದು ಕಾಣುತ್ತಿತ್ತು. ಇಂದು ಅದನ್ನು ಬರೆಯುವಾಗ ತಲೆ ತಗ್ಗುತ್ತದೆ. ಬರೆಯದೆ ಬಿಟ್ಟರೆ ಇನ್ನೂ ತಗ್ಗುತ್ತದೆ.

ಹಿರಿಯರು ಮಾಡಿಟ್ಟಿದ್ದ ಕಟ್ಟಳೆಯಂತೆ ಮೊದಲ ಸರದಿ ಕಾಲುವೆಯ ಕೊನೆಯ ಗದ್ದೆಗೆ. ತೂಬಿನ ಪಕ್ಕದವರು ಮೊದಲು ಕುಡಿದರೆ ಕೊನೆಯವರಿಗೆ ಉಳಿಯುವುದೇನು ಎಂಬ ವಿವೇಕ ಅದರಲ್ಲಿತ್ತು. ಆದರೆ ನಾಲ್ಕು ದಿನ ಬಿಸಿಲಿಗೆ ಬಿರಿದ ಕಾಲುವೆಯನ್ನು ದಾಟಿ ನೀರು ಕೊನೆಯವರೆಗೆ ನಡೆಯಬೇಕಷ್ಟೆ. ಅದಕ್ಕಾಗಿ ಹನ್ನೊಂದು ಮನೆಯವರೂ ಬೆಳಗ್ಗೆಯೇ ಗುದ್ದಲಿ ಹಿಡಿದು ಕಾಲುವೆಯ ಉದ್ದಕ್ಕೂ ಅಲ್ಲಲ್ಲಿ ನಿಲ್ಲುತ್ತಿದ್ದರು; ಏಡಿಯ ಬಿಲ, ಇಲಿಯ ತೂತು, ಕುಸಿದ ಬದು ಕಂಡಲ್ಲಿ ಮಣ್ಣು ಮೆತ್ತುತ್ತ ನೀರನ್ನು ಕೈಯಿಂದ ಕೈಗೆ ದಾಟಿಸುವವರಂತೆ ಮುಂದೆ ಕಳಿಸುತ್ತಿದ್ದರು. ನೀರು ಕೊನೆಗದ್ದೆಯ ಬಾಯಿಗೆ ಬಂದೊಡನೆ ಅಲ್ಲಿಂದ "ಮುಟ್ತೂ" ಎಂಬ ಕೂಗು ಏಳುತ್ತಿತ್ತು. ಪಕ್ಕದ ಗದ್ದೆಯವನು ಅದನ್ನು ಕೇಳಿ ತಾನು ಕೂಗುತ್ತಿದ್ದ, ಅವನದನ್ನು ಮತ್ತೊಬ್ಬ. ಹೀಗೆ ಹತ್ತು ಗಂಟಲು ದಾಟಿ ಕೂಗು ತೂಬನ್ನು ತಲುಪಿದ ಮೇಲೆ ಮುನಿಯಪ್ಪ ಬಟ್ಟಲನ್ನು ನೀರಿಗೆ ಬಿಡುತ್ತಿದ್ದ. ಅಲ್ಲಿಂದ ಲೆಕ್ಕ. ಅದಕ್ಕೆ ಮುಂಚೆ ನೀರು ನಡೆದ ಹೊತ್ತು ಯಾರ ಪಾಲಿಗೂ ಸೇರಿದ್ದಲ್ಲ.

ಈ ಏರ್ಪಾಟು ದೋಷರಹಿತವೆಂದು ನಾನು ಹೇಳಲಾರೆ. ಬಟ್ಟಲು ಮುಳುಗುವ ಮುಂಚೆ ಯಾರೋ ಬೆರಳಲ್ಲಿ ಒತ್ತಿದರೆಂದು ಜಗಳಗಳಾಗುತ್ತಿದ್ದವು. ಇಡೀ ದಿನ ಗದ್ದೆಯ ಬದುವಿನಲ್ಲೇ ಕಳೆಯುತ್ತಿತ್ತು. ಯುದ್ಧ ಬಂದ ಮೇಲೆ ಆ ದಿನ ಭಾರವಾಗತೊಡಗಿತು. ಆಕಾಶದಿಂದ ಸೈನಿಕರು ಇಳಿಯುವ ಕೊಡೆಗಳಿಗೆ ರೇಷ್ಮೆ ಬೇಕೆಂದು ಗೂಡಿಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿ, ನಮ್ಮೂರಿನ ಮನೆಮನೆಯಲ್ಲೂ ಹುಳು ಸಾಕತೊಡಗಿದ್ದರು. ಹುಳುವಿಗೆ ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ತಪ್ಪಿದರೆ ಒಂದು ತಿಂಗಳ ಶ್ರಮ ಮಣ್ಣುಪಾಲು. ಅಂಥ ಸಮಯದಲ್ಲಿ ಊರಿನ ದೊಡ್ಡ ಹಿಡುವಳಿದಾರರಾದ ಪಿಳ್ಳೇಗೌಡರು ಬೆಂಗಳೂರಿನಿಂದ ಗೋಡೆ ಗಡಿಯಾರವೊಂದನ್ನು ತಂದು ಚಾವಡಿಯಲ್ಲಿ ತೂಗುಹಾಕಿಸಿದರು. ಅದರ ಪಕ್ಕದಲ್ಲಿ ರೈಲು ಕಂಬಿಯ ತುಂಡೊಂದನ್ನು ಕಟ್ಟಿಸಿ, ಹೊಡೆಯಲು ಒಬ್ಬ ಆಳನ್ನೂ ನೇಮಿಸಿದರು.

ಮೊದಲ ದಿನ ಊರೇ ನೋಡಲು ಸೇರಿತು. ಕಾಲುವೆಯ ನಡುವೆ ಗದ್ದೆಯಿದ್ದ ಚಿಕ್ಕಣ್ಣನೆಂಬ ರೈತ ಮಾತಿನ ಮಲ್ಲ. ಅವನು ಗಡಿಯಾರವನ್ನೂ ಮೂಡಣದ ಸೂರ್ಯನನ್ನೂ ಒಂದೆರಡು ಸಲ ನೋಡಿದ.

"ಏನ್ ಗೌಡ್ರೇ, ಹೊತ್ ಹುಟ್ಟಿ ಇನ್ನೂ ಒಂದ್ ಮಾರು ಏರಿಲ್ಲ, ಇದಾಗ್ಲೇ ಎಂಟು ಅಂತದಲ್ಲ."

"ಅದು ಸರೀಗೇ ಐತೆ ಕಣ್ಲಾ. ಯುದ್ಧ ಅಂತ ಸರ್ಕಾರದೋರು ಗಡಿಯಾರನೆಲ್ಲ ಒಂದ್ ಗಂಟೆ ಮುಂದಕ್ ತಳ್ಳವ್ರೆ."

"ಸೂರ್ಯಂಗೂ ಒಂದ್ ನೋಟೀಸ್ ಕೊಟ್ಟಿದ್ರೆ ಚೆನ್ನಾಗಿತ್ತು."

ನಗು ಮುಗಿದ ಮೇಲೆ ಗೌಡರು ನನ್ನ ಕಡೆ ತಿರುಗಿದರು. "ಸಣ್ ಜೋಯಿಸ್ರೇ, ನೀವು ಓದ್ಕೊಂಡ್ ಬಂದಿರೋರು. ಈ ಗಳಿಗೇನೆಲ್ಲ ಗಂಟೆಗ್ ಇಳಿಸಿ ಒಬ್ಬೊಬ್ರಿಗೂ ಒಂದ್ ಚೀಟಿ ಬರ್ದುಕೊಡಿ. ಅವರವ್ರ ಹೊತ್ಗೆ ಅವರವ್ರು ಬರ್ಲಿ. ಊರೆಲ್ಲ ಕಾಲ್ವೆ ಮೇಲ್ ಯಾಕ್ ಕಾಯ್ಬೇಕು."

ನನಗೆ ಅದಕ್ಕಿಂತ ಹೆಚ್ಚಿನ ಸನ್ಮಾನ ಬೇಕಿರಲಿಲ್ಲ. ಎರಡು ದಿನ ಕುಳಿತು ಲೆಕ್ಕ ಹಾಕಿ, ಮುತ್ತಿನಂತಹ ಅಕ್ಷರದಲ್ಲಿ ಹನ್ನೊಂದು ಚೀಟಿ ಬರೆದೆ. ಮೊದಲ ಚೀಟಿ ಕೊನೆಗದ್ದೆಯ ಗಿರಿಯಮ್ಮನದು: ಅವಳ ಪಾಲು ಮೂರು ಗಳಿಗೆ, ಆದ್ದರಿಂದ ಎಂಟು ಗಂಟೆಯಿಂದ ಒಂಬತ್ತು ಗಂಟೆ ಹನ್ನೆರಡು ನಿಮಿಷ. ಕೊನೆಯದು ತೂಬಿನ ಪಕ್ಕದ ಪಿಳ್ಳೇಗೌಡರದು. ಅದು ಸಂಜೆ ಎಂಟು ಗಂಟೆಗೆ ಸರಿಯಾಗಿ ಮುಗಿಯುತ್ತಿತ್ತು. ಹಗಲಿನ ಮೂವತ್ತು ಗಳಿಗೆಯಲ್ಲಿ ಒಂದು ವಿಗಳಿಗೆಯೂ ಪೋಲಾಗಿರಲಿಲ್ಲ. ತಂದೆಯವರಿಗೆ ತೋರಿಸಿದೆ. ಅವರು ಎಲ್ಲವನ್ನೂ ಸಾವಕಾಶವಾಗಿ ಓದಿದರು.

"ಲೆಕ್ಕ ಸರಿಯಾಗಿದೆಯಪ್ಪಾ. ಕಾಲುವೆ ನೋಡಿದ್ದೀಯಾ?"

"ಗುಣಾಕಾರಕ್ಕೆ ಕಾಲುವೆ ಯಾಕಪ್ಪ?"

ಅವರು ಚೀಟಿಗಳನ್ನು ಮಡಿಸಿ ನನ್ನ ಕೈಗಿತ್ತು ಸಂಧ್ಯಾವಂದನೆಗೆ ಎದ್ದರು. ಕೊನೆಗದ್ದೆಯವರೆಗೆ ನಾನು ಒಮ್ಮೆಯೂ ಹೋದವನಲ್ಲ. ನಮ್ಮ ಬೀದಿಯವರಿಗೆ ಅಲ್ಲೇನೂ ಕೆಲಸವಿರಲಿಲ್ಲ.

ಮೊದಮೊದಲು ಎಲ್ಲರೂ ಹೊಗಳಿದರು. ತೂಬಿನ ದಿನವೂ ಜನ ಮನೆಯಲ್ಲಿದ್ದು ಸೊಪ್ಪು ಹೆಚ್ಚುತ್ತ, ಕಂಬಿಯ ಸದ್ದು ಕೇಳಿ ತಮ್ಮ ಸರದಿಗೆ ಎದ್ದು ಹೋಗುತ್ತಿದ್ದರು. ಒಬ್ಬ ಬರುವಾಗ ಮತ್ತೊಬ್ಬ ಹೊರಟಿರುತ್ತಿದ್ದ. ಚಿಕ್ಕಣ್ಣನ ಹೆಂಡತಿ ಮಾತ್ರ ಬಾವಿಯ ಬಳಿ ನಮ್ಮ ತಾಯಿಯವರೊಡನೆ, "ಎಲ್ಲಾ ಚೆನ್ನಾಗೈತೆ ಅವ್ವಾರೇ, ಈವಯ್ಯ ಇಡೀ ದಿನ ಮನೇಲೇ ಇರ್ತಾನೆ ಅನ್ನೋದೊಂದೇ ಕಷ್ಟ" ಎಂದಳಂತೆ. ಗಳಿಗೆ ಬಟ್ಟಲು ದೇವರ ಗೂಡಿನಲ್ಲೇ ಉಳಿಯಿತು. ಮುನಿಯಪ್ಪ ನಮ್ಮ ಅಂಗಳಕ್ಕೆ ಬರುವುದು ನಿಂತಿತು. ಕೆರೆಯ ಕೆಳಗಿನಿಂದ ಬರುತ್ತಿದ್ದ ಕೂಗು ಇಲ್ಲವಾಗಿ, ಆ ಬೆಳಗ್ಗೆಗಳು ಬಹಳ ಶಾಂತವಾಗಿವೆಯೆಂದು ನಾನು ಸಂತೋಷಪಟ್ಟೆ.

ನಾಲ್ಕನೆಯ ತೂಬು ಮುಗಿದ ಮರುದಿನ ಗಿರಿಯಮ್ಮ ನಮ್ಮ ಮನೆಯ ಮುಂದೆ ಬಂದು ನಿಂತಳು. ಗಂಡನಿಲ್ಲದ ಹೆಂಗಸು, ಇದ್ದೊಬ್ಬ ಮಗಳನ್ನು ಸಾಸಲಿನ ಕಡೆ ಮದುವೆ ಮಾಡಿಕೊಟ್ಟಿದ್ದಳು. ಸೆರಗಿನಲ್ಲಿ ಕಟ್ಟಿ ತಂದಿದ್ದ ಹಿಡಿ ಪೈರನ್ನು ಜಗಲಿಯ ಮೇಲಿಟ್ಟಳು. ತುದಿಯೆಲ್ಲ ಹಳದಿಯಾಗಿ ಸುರುಳಿಗಟ್ಟಿತ್ತು. ಪಕ್ಕದಲ್ಲಿ ನನ್ನ ಚೀಟಿಯನ್ನೂ ಇಟ್ಟಳು.

"ಇದ್ರಲ್ಲಿ ನೀರಿಲ್ಲ ಸ್ವಾಮಿ."

"ಎಪ್ಪತ್ತೆರಡು ನಿಮಿಷ ಇದೆಯಲ್ಲಮ್ಮ. ಮುಂಚಿನಷ್ಟೇ."

"ನಿಮಿಷ ಐತೆ. ನಾನು ನಿಮಿಷ ನಾಟಿ ಹಾಕಿಲ್ವಲ್ಲ."

"ನೀನು ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲವೋ ಏನೋ."

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬೆಳೆದ ಮಗ ಹಾಸಿಗೆ ಒದ್ದೆ ಮಾಡಿದರೆ ತಾಯಿ ನೋಡುವಂತೆ ನೋಡಿದಳು.

"ಮಗಳು ಬಸುರಿ. ಶ್ರಾವಣಕ್ಕೆ ಹೆರಿಗೆ, ಚೊಚ್ಚಲು. ಬಾಣಂತೀಗೆ ಮುದ್ದೆ ಇಕ್ಕಕಾಯ್ತದಾ? ಹೊಸಕ್ಕಿನೂ ಆಗಲ್ಲ, ಶೀತ. ವೈಶಾಖದಲ್ಲಿ ಬಡ್ದಿಟ್ರೆ ಶ್ರಾವಣಕ್ಕೆ ಅಕ್ಕಿ ಹಳೇದಾಯ್ತದೆ ಅಂತ ನಾನೂ ಒಂದ್ ಲೆಕ್ಕ ಹಾಕಿದ್ದೆ ಸ್ವಾಮಿ. ಪ್ಯಾಟೇಲಿ ಅಕ್ಕಿ ಕಣ್ಣಿಗ್ ಕಾಣಲ್ಲ. ಇನ್ನೆರಡ್ ತೂಬು ಹಿಂಗೇ ಹೋದ್ರೆ ಆ ಪೈರು ದನಕ್ಕೇ."

ಅಷ್ಟು ಹೇಳಿ ಹೊರಟಳು. ಚೀಟಿಯನ್ನು ತೆಗೆದುಕೊಳ್ಳಲಿಲ್ಲ. ಒಳಗೆ ಕುಳಿತಿದ್ದ ತಂದೆಯವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ನನ್ನನ್ನು ಗದರಲಿಲ್ಲ. ದೇವರ ಗೂಡಿನಿಂದ ಬಟ್ಟಲನ್ನು ತೆಗೆದು ನನ್ನ ಮುಂದಿಟ್ಟರು. "ಮುಂದಿನ ತೂಬಿನ ದಿನ ಇದನ್ನು ತೆಗೆದುಕೊಂಡು ಅವಳ ಗದ್ದೆಯಲ್ಲಿ ಹೋಗಿ ಕೂತುಕೋ. ಕಂಬಿ ಹೊಡೆದ ಕೂಡಲೇ ನೀರಿಗೆ ಬಿಡು. ಆಮೇಲೆ ಲೆಕ್ಕದ ಮಾತು" ಎಂದರು.

ಹಾಗೆಯೇ ಮಾಡಿದೆ. ಮಾಘದ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಕೊನೆಗದ್ದೆ ತಲುಪುವ ಮುಂಚೆ ಹುಣಸೆತೋಪಿನ ಪಕ್ಕದಲ್ಲಿ ಕಾಲುವೆ ಮರಳು ನೆಲದ ಮೇಲೆ ಹಾದುಬರುವುದನ್ನು ಅಂದು ಮೊದಲ ಬಾರಿಗೆ ನೋಡಿದೆ. ಗಿರಿಯಮ್ಮ ಕಳೆ ಕೀಳುತ್ತಿದ್ದಳು. ನನ್ನನ್ನು ಕಂಡು ಕೊಳದಪ್ಪಲೆಗೆ ಬಾವಿಯಿಂದ ನೀರು ತಂದುಕೊಟ್ಟು ಮತ್ತೆ ಕಳೆಗೆ ಬಗ್ಗಿದಳು. ದೂರದಲ್ಲಿ ಕಂಬಿ ಬಾರಿಸಿತು. ಬಟ್ಟಲನ್ನು ತೇಲಿಬಿಟ್ಟೆ. ಅದು ತುಂಬಿತು, ಮುಳುಗಿತು. ಕಾಲುವೆ ಒಣಗಿಯೇ ಇತ್ತು. ಮತ್ತೆ ತೇಲಿಬಿಟ್ಟೆ, ಮತ್ತೆ ಮುಳುಗಿತು. ಕಾಲುವೆಯಲ್ಲಿ ಒಂದು ಓತಿಕೇತ ಬಿಸಿಲು ಕಾಯುತ್ತಿತ್ತು. ಮೂರನೆಯ ಬಟ್ಟಲು ಅರ್ಧ ತುಂಬಿದ ಮೇಲೆ ಬೆರಳು ದಪ್ಪದ ನೀರು ಮರಳಿನಿಂದ ಹೊರಬಂದು ಗದ್ದೆಯ ಬಾಯಿಗೆ ಬಂತು. ಗಿರಿಯಮ್ಮ ಕೂಗಲಿಲ್ಲ. ಕೂಗಿದರೆ ಕೇಳಲು ಪಕ್ಕದ ಗದ್ದೆಯಲ್ಲಿ ಯಾರೂ ಇರಲಿಲ್ಲ. ನೀರು ಮೊದಲ ಮಡಿಯ ಅರ್ಧವನ್ನು ನೆನೆಸುವಷ್ಟರಲ್ಲಿ ಬಟ್ಟಲು ಮುಳುಗಿತು, ಕಂಬಿ ಬಾರಿಸಿತು, ಮೇಲಿನ ಗದ್ದೆಯವನು ತನ್ನ ಹೊತ್ತಿಗೆ ಸರಿಯಾಗಿ ಬಂದು ಕಾಲುವೆಗೆ ಅಡ್ಡ ಕಟ್ಟಿದ. ಅವನದೂ ತಪ್ಪಲ್ಲ. ಅವನ ಕೈಯಲ್ಲಿ ನನ್ನ ಅಕ್ಷರವಿತ್ತು.

ನೀರಿನ ಹಿಂದೆಯೇ ಮುನಿಯಪ್ಪ ಏದುಸಿರು ಬಿಡುತ್ತ ಬಂದ. ಮೊಣಕೈವರೆಗೆ ಕೆಸರು.

"ಏಳ್ ಕಡೆ ಬಿಲ ಮುಚ್ದೆ ಬುದ್ದಿ. ಇರೋದ್ ಎರಡ್ ಕೈ. ನಾನ್ ಇಲ್ ಮುಚ್ಚೋ ಹೊತ್ಗೆ ಅಲ್ ಕಿತ್ಕಂತದೆ."

"ಮುಂಚೆ ಎಷ್ಟು ಹೊತ್ತಾಗುತ್ತಿತ್ತು?"

"ಎಲ್ರೂ ನಿಂತ್ರೆ ಒಂದೂವರೆ ಬಟ್ಟಲು. ಈಗ ಎರಡೂವರೆ. ನಿಂತ್ಕಂಡಿರೋದೂ ಒಂದ್ ಕೆಲ್ಸ ಅಂತ ಯಾರಿಗೂ ಅನ್ಸಿರ್ನಿಲ್ಲ ಬುದ್ದಿ."

ಆಗ ನನಗೆ ಮತ್ತೊಂದು ಸಂದೇಹ ಹುಟ್ಟಿತು. ಹನ್ನೊಂದು ಪಾಲು ಸೇರಿ ಮೂವತ್ತು ಗಳಿಗೆ, ನೀರು ನಡೆಯಲು ಒಂದೂವರೆ, ಹಗಲು ಮೂವತ್ತೇ. ಹಾಗಿದ್ದರೆ ಆ ಒಂದೂವರೆ ಗಳಿಗೆ ಇಷ್ಟು ವರ್ಷ ಯಾರಿಗೆ ಕಡಿಮೆ ಬೀಳುತ್ತಿತ್ತು? ಮುನಿಯಪ್ಪನನ್ನು ಕೇಳಿದೆ. ಅವನು ಹಿಂದುಮುಂದು ನೋಡಿ, ದನಿ ತಗ್ಗಿಸಿ ಹೇಳಿದ. ಕೊನೆಯ ಸರದಿ ಪಿಳ್ಳೇಗೌಡರ ಮನೆಯದು. ಅವರ ಗದ್ದೆ ತೂಬಿನ ಪಕ್ಕದಲ್ಲಿದ್ದು ಏರಿಯಿಂದ ಜಿನುಗುವ ನೀರಿಗೆ ಯಾವಾಗಲೂ ತೇವವಾಗಿರುತ್ತಿತ್ತು. ಹೊತ್ತು ಮುಳುಗುವಾಗ ಅವರ ಪಾಲು ಪೂರ್ತಿಯಾಗಿರುತ್ತಿರಲಿಲ್ಲ. ಉಳಿದದ್ದು ಬೇಕೆಂದು ಅವರ ತಂದೆ ಕೇಳುತ್ತಿರಲಿಲ್ಲ. ನಾನು ಬರೆದ ಚೀಟಿ ಅವರಿಗೆ ಪೂರ್ತಿ ಪಾಲನ್ನು ಮೊದಲ ಬಾರಿಗೆ ಕೊಟ್ಟಿತ್ತು. ಎಲ್ಲಿಂದ ತಂದು ಕೊಟ್ಟಿತ್ತೆಂಬುದು ನನ್ನ ಮುಂದೆ, ಆ ಹಳದಿ ಪೈರಿನಲ್ಲಿ ಕಾಣುತ್ತಿತ್ತು.

ಮನೆಗೆ ಬಂದು ಸ್ನಾನ ಮಾಡಿ ದೇವರ ಮುಂದೆ ಕುಳಿತೆ. ಆ ದಿನ ನಾನು ಬೇಡಿಕೊಂಡದ್ದು ಕ್ಷಮೆಯನ್ನಲ್ಲ. ಹತ್ತು ಜನರ ಮುಂದೆ ಮಾತು ತಡವರಿಸದಿರಲಿ ಎಂದಷ್ಟೇ. ಸಂಜೆ ಚಾವಡಿಯಲ್ಲಿ ಊರವರನ್ನು ಸೇರಿಸುವಂತೆ ಗೌಡರಲ್ಲಿ ವಿನಂತಿಸಿದೆ. ಎಲ್ಲರೂ ಗಡಿಯಾರದ ಕೆಳಗೆ ಕುಳಿತರು. ಗಿರಿಯಮ್ಮ ಕಂಬದ ಪಕ್ಕದಲ್ಲಿ, ಮುನಿಯಪ್ಪ ಚಾವಡಿಯ ಹೊರಗೆ. ನಾನು ಬಟ್ಟಲಿನಲ್ಲಿ ಕಂಡದ್ದನ್ನು ಇದ್ದಂತೆ ಹೇಳಿದೆ.

ಗೌಡರ ಮುಖ ಕೆಂಪಾಯಿತು. "ಅಂದ್ರೆ ನನ್ ಗಡಿಯಾರ ತಪ್ಪು ಅಂತೀರಾ?"

"ಗಡಿಯಾರ ಸರಿಯಾಗಿದೆ ಗೌಡರೇ. ತಪ್ಪಿದವನು ನಾನು. ನೀರು ನಡೆಯುವ ಹೊತ್ತನ್ನು ಈ ತಾಯಿಯೊಬ್ಬಳ ತಲೆಗೇ ಕಟ್ಟಿ, ನಿಮ್ಮ ಮನೆಯವರು ಬಿಟ್ಟುಕೊಡುತ್ತಿದ್ದ ನೀರನ್ನು ನಿಮಗೇ ಬರೆದುಕೊಟ್ಟಿದ್ದೇನೆ."

"ನಮ್ಮಪ್ಪ ಬಿಟ್ಕೊಡ್ತಿದ್ರಾ? ಯಾರ್ ಹೇಳಿದ್ದು?"

ಹೊರಗಿನಿಂದ ಮುನಿಯಪ್ಪನ ದನಿ ಬಂತು. "ನಾನೇ ಬುದ್ದಿ. ದೊಡ್ಗೌಡ್ರು ಸಂಜೇಲಿ ಬಟ್ಟಲು ಮುಳುಗೋಕ್ ಮುಂಚೇನೇ 'ಸಾಕ್ ಮುನಿಯಾ, ಮುಚ್ಚು' ಅಂತಿದ್ರು. ಅವ್ರಪ್ಪನೂ ಹಂಗೇ ಅಂತಿದ್ರು ಅಂತ ನಮ್ಮಯ್ಯ ಹೇಳೋನು."

"ನಂಗೊಂದ್ ಮಾತು ಯಾರೂ ಹೇಳ್ಲಿಲ್ಲ."

"ಹೇಳಕ್ ನೀವು ತೂಬಿನ್ತಾವ ಸಿಕ್ಕಿದ್ರಲ್ವಾ ಗೌಡ್ರೇ" ಎಂದ ಚಿಕ್ಕಣ್ಣ. "ನೀವು ಹುಳದ್ ಮನೇಲಿ, ನಾವೂ ಹುಳದ್ ಮನೇಲಿ. ಊರ್ನಾಗೆ ಈಗ ಮಾತಾಡೋದು ಹುಳ ಒಂದೇ, ಸೊಪ್ಪು ತಿನ್ನುವಾಗ."

ಗಿರಿಯಮ್ಮನನ್ನು ಕೊನೆಯ ಸರದಿಗೆ ಹಾಕಿದರಾಯಿತು ಎಂದು ಒಬ್ಬರು ಸೂಚಿಸಿದರು. ಹಾಗಾದರೆ ಕಾಲುವೆ ಒದ್ದೆ ಮಾಡುವ ಹೊರೆ ತಮ್ಮ ತಲೆಗೆ ಬರುತ್ತದೆಂದು ಪಕ್ಕದ ಗದ್ದೆಯವರು ಒಪ್ಪಲಿಲ್ಲ. ಮತ್ತೊಬ್ಬರು ಹುಳು ನಿದ್ದೆಯಿಂದೆದ್ದು ಸೊಪ್ಪು ಕೇಳುವ ಕಾಲ, ಬೆಳಗ್ಗೆ ಬಂದು ನಿಲ್ಲಲಾಗದು ಎಂದರು. ಗೌಡರು ಹೊಸ ಚೀಟಿ ಬರೆಯುವಂತೆ ನನಗೆ ಹೇಳಿದರು.

"ಬರೆಯುವುದಿಲ್ಲ ಗೌಡರೇ" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ಕೂಗು ಬಂದ ಮೇಲೆ ಲೆಕ್ಕ ಶುರುವಾಗುವುದಾದರೆ ಚೀಟಿಯೇ ಬೇಡ, ಈ ಗಡಿಯಾರವನ್ನೇ ನೋಡಿಕೊಂಡು ಹಂಚಬಹುದು. ಕೂಗು ಬೇಡವೆಂದಾದರೆ ನಾನು ಏನು ಬರೆದರೂ ಅದು ಸುಳ್ಳು. ಮುಂದಿನ ತೂಬಿಗೆ ಮರಳು ನೆಲದಲ್ಲಿ ನಾನು ನಿಲ್ಲುತ್ತೇನೆ. ಬರುವವರು ಬನ್ನಿ."

"ನೋಡಾನ" ಎಂದು ಗೌಡರು ಎದ್ದುಹೋದರು. ಸಭೆ ಮುರಿಯಿತು. ಗಿರಿಯಮ್ಮ ಯಾರ ಕಡೆಗೂ ನೋಡದೆ ಮನೆಯ ದಾರಿ ಹಿಡಿದಳು.

ಮುಂದಿನ ನಾಲ್ಕು ದಿನಗಳನ್ನು ನೆನೆದರೆ ಇಂದಿಗೂ ನನ್ನ ಕಾಲಿಗೆ ಬಲ ಬಂದಂತಾಗುತ್ತದೆ. ಪ್ರಾತಃಕಾಲದ ಅನುಷ್ಠಾನ ಮುಗಿಸಿ ಒಂದೊಂದೇ ಮನೆಗೆ ಹೋದೆ. ಹುಳುವಿನ ತಟ್ಟೆಗಳ ನಡುವೆ ನಿಂತು, ಸೊಪ್ಪು ಹೆಚ್ಚುವವರ ಎದುರು ಕುಳಿತು, ಒಂದೂವರೆ ಗಳಿಗೆ ಬನ್ನಿ ಸಾಕೆಂದು ಕೇಳಿದೆ. ಇಂದು ಬರುವೆನೆಂದವರು ನಾಳೆ ಅನುಮಾನಿಸಿದರು; ನಾಳೆ ಮತ್ತೆ ಹೋದೆ. "ಭಿಕ್ಷೆಗ್ ಬಂದಂಗ್ ಬರ್ತೀರಲ್ಲ ಸ್ವಾಮಿ" ಎಂದು ಒಬ್ಬಾಕೆ ನಕ್ಕಳು. ಭಿಕ್ಷೆಯೇ ಎಂದೆ. ಮುನಿಯಪ್ಪನ ಕೇರಿಗೂ ಹೋದೆ; ಗುದ್ದಲಿ ಹಿಡಿಯುವ ಬಗೆಯನ್ನು ಅವನ ಅಂಗಳದಲ್ಲೇ ಕಲಿತೆ. ತಂದೆಯವರಿಗೆ ತಿಳಿಯಿತು. ಅವರು ಆ ರಾತ್ರಿ ಊಟದ ಹೊತ್ತಿನಲ್ಲಿ ಅಂಗೈಯ ಬೊಬ್ಬೆಗೆ ಎಣ್ಣೆ ಹಚ್ಚಿಕೋ ಎಂದಷ್ಟೇ ಹೇಳಿದರು.

ತೂಬಿನ ದಿನ ಎಣಿಸಿದೆ. ಗಿರಿಯಮ್ಮನನ್ನು ಬಿಟ್ಟು ಏಳು ಮಂದಿ ಬಂದಿದ್ದರು. ಪಿಳ್ಳೇಗೌಡರು ಬಂದಿರಲಿಲ್ಲ. ಕಂಬಿ ಬಾರಿಸಿತು, ಮುನಿಯಪ್ಪ ತೂಬು ಎತ್ತಿದ. ನಾನು ತೂಬಿನಿಂದಲೇ ನೀರಿನ ಜೊತೆ ಹೊರಟೆ. ನೀರಿನ ತಲೆ ಅವಸರ ಮಾಡುವುದಿಲ್ಲ. ಒಂದು ಬಿರುಕು ಸಿಕ್ಕರೆ ಅದನ್ನು ತುಂಬಿಯೇ ಮುಂದೆ ಹೋಗುತ್ತದೆ. ಒಂದು ಬಿಲ ಸಿಕ್ಕರೆ ಯಾರಾದರೂ ಮುಚ್ಚುವವರೆಗೆ ಅಲ್ಲೇ ಸುತ್ತುತ್ತದೆ. ಅದರ ಮುಂದೆ ಆ ವಾಸನೆ ನಡೆಯುತ್ತಿತ್ತು. ಎರಡು ಗದ್ದೆಗೊಬ್ಬರಂತೆ ಜನ ನಿಂತಿದ್ದರು. ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡದಿದ್ದವರಿಗೆ ಮಾತು ತಾನಾಗಿ ಬಂತು: ಯಾರ ಹಸು ಕರು ಹಾಕಿತು, ಯಾರ ಮನೆಯ ಹುಳು ಸುಣ್ಣ ಕಟ್ಟಿ ಸತ್ತಿತು, ಯಾರ ತಮ್ಮ ಪಟಾಲಮ್ಮಿಗೆ ಸೇರಿ ಯುದ್ಧಕ್ಕೆ ಹೋದ. "ಅಯ್ನೋರು ಗುದ್ಲಿ ಹಿಡ್ದವ್ರೆ, ದೂರ ನಿಂತ್ಕಳ್ರಪ್ಪ, ಕಾಲ್ ಹೋದಾವು" ಎಂದು ಚಿಕ್ಕಣ್ಣ ಎಲ್ಲರನ್ನೂ ಎಚ್ಚರಿಸಿದ. ಮರಳು ನೆಲದಲ್ಲಿ ನಾನು ಮೊಣಕಾಲು ಊರಿ ಎರಡೂ ಕೈಯಲ್ಲಿ ಜೇಡಿಮಣ್ಣು ಮೆತ್ತಿದೆ. ನೀರು ತಡವರಿಸಿತು, ಹಿಂಗಿತು, ಮತ್ತೆ ತುಂಬಿ ಬಂದು ದಾಟಿತು.

ಕೊನೆಗದ್ದೆಯ ಬಾಯಿಯಲ್ಲಿ ಗಿರಿಯಮ್ಮ ಕೂಗಿದಳು. ಚಿಕ್ಕಣ್ಣ ತೆಗೆದುಕೊಂಡ, ಅವನಿಂದ ಮುಂದಿನವನು. ಕೂಗು ಏರುತ್ತ ಏರುತ್ತ ತೂಬಿನ ಕಡೆ ಸಾಗಿ ಮರಗಳ ಹಿಂದೆ ಮರೆಯಾಯಿತು. ಅದಾದ ಕೂಡಲೇ ಚಾವಡಿಯ ಕಡೆಯಿಂದ ಕಂಬಿಯ ಸದ್ದು ಕೇಳಿಸಿತು. ಕಂಬಿ ಬಾರಿಸಿದರೆ ಸರದಿ ಮುಗಿಯಿತೆಂದು ಅರ್ಥ; ಇನ್ನು ಮೇಲಿನವರು ಅಡ್ಡ ಕಟ್ಟುತ್ತಾರೆ. ಬಿಸಿಲು ನೋಡಿದರೆ ಅಷ್ಟು ಹೊತ್ತಾಗಿರಲಿಲ್ಲ. ಎಲ್ಲರೂ ಗುದ್ದಲಿ ಹಿಡಿದು ನಿಂತಲ್ಲೇ ನಿಂತರು. ಆಗ ದೂರದಲ್ಲಿ, ತೂಬಿನ ಕಡೆಯಿಂದ ನಮ್ಮ ಕಡೆಗೆ, ಒಂದು ಕೂಗು ಇಳಿದು ಬರತೊಡಗಿತು. ಆ ಕಾಲುವೆಯಲ್ಲಿ ಕೂಗು ಕೆಳಮುಖವಾಗಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಒಬ್ಬನಿಂದ ಒಬ್ಬನಿಗೆ ದಾಟಿ ಚಿಕ್ಕಣ್ಣನ ಬಾಯಿಗೆ ಬಂದಾಗ ಮಾತು ಸ್ಪಷ್ಟವಾಯಿತು:

"ಗೌಡ್ರು ಈಗ್ನಿಂದ ಲೆಕ್ಕ ಅಂದ್ರಂತೇ."

ಆಮೇಲೆ ತಿಳಿಯಿತು. ಪಿಳ್ಳೇಗೌಡರು ಬೆಳಗ್ಗೆಯೇ ಚಾವಡಿಗೆ ಬಂದು, ಆಳಿನ ಕೈಯಿಂದ ಸುತ್ತಿಗೆಯನ್ನು ತೆಗೆದುಕೊಂಡು, ಗಡಿಯಾರದ ಕೆಳಗೆ ಕಿವಿಗೊಟ್ಟು ಕುಳಿತಿದ್ದರಂತೆ. ಯಾರೊಡನೆಯೂ ಮಾತಾಡಿರಲಿಲ್ಲ. ಕೂಗು ಕೇಳಿಸಿದಾಗ ಕಂಬಿಯನ್ನು ತಾವೇ ಬಾರಿಸಿ, ಹೊತ್ತನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದುಕೊಂಡು, ತೂಬಿಗೆ ಹೇಳಿಕಳಿಸಿದ್ದರು. ಆ ಸಂಜೆ ತಮ್ಮ ಸರದಿ ಪೂರ್ತಿಯಾಗುವ ಮುಂಚೆ ತೂಬು ಮುಚ್ಚಿಸಿದರು. ಆ ಬೇಸಿಗೆ ಮುಗಿಯುವವರೆಗೂ ಹಾಗೆಯೇ ನಡೆಯಿತು. ವೈಶಾಖದಲ್ಲಿ ಗಿರಿಯಮ್ಮನ ಗದ್ದೆ ಎಂದಿನ ಬೆಳೆಯ ಮುಕ್ಕಾಲು ಪಾಲನ್ನು ಕೊಟ್ಟಿತು. ಉಳಿದ ಕಾಲು ಪಾಲು ನನ್ನ ಚೀಟಿಗೆ ಹೋದದ್ದು. ಅದನ್ನು ಯಾವ ಜಪದಿಂದಲೂ ಹಿಂದಕ್ಕೆ ತರಲಾಗಲಿಲ್ಲ. ಶ್ರಾವಣದಲ್ಲಿ ಮಗಳು ಗಂಡುಮಗುವಿನ ತಾಯಿಯಾಗಿ ಮೂರು ತಿಂಗಳು ತವರಿನಲ್ಲಿ ಅನ್ನ ಉಂಡಳು.

ಆದರೆ ಆ ಬೆಳಗ್ಗೆ ಇದೊಂದೂ ನಮಗೆ ತಿಳಿದಿರಲಿಲ್ಲ. ನಾನು ಕೆಸರು ಮೆತ್ತಿದ ಪಂಚೆಯಲ್ಲಿ ಗದ್ದೆಯ ಬಾಯಿಯಲ್ಲಿ ನಿಂತು, ಚಾವಡಿಯ ಕಡೆಗೆ ನೋಡುತ್ತ, ಗೌಡರ ಮನಸ್ಸನ್ನು ತಿರುಗಿಸಿದ ಭಗವಂತನನ್ನು ಸ್ಮರಿಸುತ್ತ, ಒಂದಿಷ್ಟು ನನ್ನನ್ನೂ ಮೆಚ್ಚಿಕೊಳ್ಳುತ್ತ ಇದ್ದೆ. ಗಿರಿಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮುಂದೆ ಬಂದು ನಿಂತಳು. ಏನೋ ಹೇಳುವವಳಂತೆ ಕಂಡಳು. ನಾನು ವಿನಯದಿಂದ ತಲೆ ಬಾಗಿದೆ.

"ಸ್ವಾಮಿ, ಒಸಿ ಪಕ್ಕಕ್ ನಿಂತ್ಕಳಿ" ಎಂದಳು. "ನೀರು ಒಳಗ್ ಬರೋ ದಾರೀಲಿ ನಿಂತಿದ್ದೀರಿ."

ನಾನು ಪಕ್ಕಕ್ಕೆ ಸರಿದೆ.